ಮಗ ಓಟಿ ಓದ್ತೀನಿ ಅಂತಾನೆ, ಕಾಲೇಜಿನಲ್ಲಿ ಈಗಿಂದಲೇ ಏನು ಮಾಡಬೇಕು?

ಒಗ್ಗರಣೆ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಓಹಾಯೋದಲ್ಲಿ, ಊರು ತಿಪಟೂರು. ಮಗ ಇಲ್ಲೇ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬಯಾಲಜಿ, ಎರಡನೇ ವರ್ಷ. ಇಷ್ಟು ದಿನ ಪ್ರೀ-ಮೆಡ್ ಅಂತ ಹೇಳಿಕೊಂಡು ಓಡಾಡುತ್ತಿದ್ದ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದವನು ಊಟದ ಮಧ್ಯೆ "ಅಮ್ಮಾ, ನಾನು ಓಟಿಗೆ ಹೋಗ್ತೀನಿ" ಅಂದ. ಮಗ ಸರ್ಜನ್ ಆಗುತ್ತಾನೆ ಅಂದುಕೊಂಡು ನಮ್ಮ ಯಜಮಾನರು ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು. ಆಪರೇಷನ್ ಥಿಯೇಟರ್ ಅಲ್ಲ, ಆಕ್ಯುಪೇಷನಲ್ ಥೆರಪಿ, ಅಂದರೆ ಉಣ್ಣುವುದು, ಉಡುವುದು, ಬರೆಯುವುದು ಅಂಥ ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳುವ ಹಾಗೆ ಮಾಡುವ ಚಿಕಿತ್ಸೆ ಅಂತ ಗೊತ್ತಾದ ಮೇಲೆ ಹೋಳಿಗೆ ವಾಪಸ್ ತೆಗೆದುಕೊಳ್ಳಲಿಲ್ಲ, ಮಾತು ಮಾತ್ರ ನಿಂತಿತು.

ಕಳೆದ ವರ್ಷ ತಿಪಟೂರಿನಲ್ಲಿ ನಮ್ಮತ್ತೆಗೆ ಪಾರ್ಶ್ವವಾಯು ಆಯಿತು. ಇವನು ಬೇಸಿಗೆ ರಜೆಯಲ್ಲಿ ಆರು ವಾರ ಅಲ್ಲೇ ಇದ್ದ. ಈ ಯೋಚನೆ ಅಲ್ಲಿಂದ ಬಂದಿದೆ. ಸುಮ್ನೆ ಒಂದು ಹುಮ್ಮಸ್ಸು ಅಂತ ನನಗೆ ಅನ್ನಿಸುವುದಿಲ್ಲ.

ಈಗ ತೊಂದರೆ ಏನೆಂದರೆ ಅನಾಟಮಿ ಫಿಸಿಯಾಲಜಿ ಮೊದಲನೇ ಭಾಗದಲ್ಲಿ ಸಿ ಬಂದಿದೆ. ಒಟ್ಟು ಜಿಪಿಎ 3.2. ಮೂರು ತಿಂಗಳು ಒಂದು ಆಸ್ಪತ್ರೆಯಲ್ಲಿ ವಾಲಂಟಿಯರ್ ಆಗಿದ್ದ, ಆದರೆ ವೀಲ್‌ಚೇರ್ ತಳ್ಳಿಸಿದರು, ಬೆಡ್‌ಶೀಟ್ ಮಡಿಸಿಸಿದರು, ಅಷ್ಟೇ. ಮೇಜರ್ ಬದಲಿಸಬೇಕಾ? ಜಿಆರ್‌ಇ ಪ್ರವೇಶ ಪರೀಕ್ಷೆ ಬೇಕಾ? ಆ ವಾಲಂಟಿಯರ್ ಗಂಟೆಗಳು ಲೆಕ್ಕಕ್ಕೆ ಬರುತ್ತವಾ? ಗೊತ್ತಿರುವವರು ಹೇಳಿ.

ಗುಂಡಣ್ಣ:
ಹೋಳಿಗೆ ಬೇಳೆದಾ, ಕಾಯಿದಾ?

ಶಾಲೆ ಓಟಿ, ಟೆಕ್ಸಸ್:
ಅಕ್ಕ, ನಾನು ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಒಂದೊಂದಾಗಿ ಹೇಳುತ್ತೇನೆ.

ಮೇಜರ್ ಬದಲಿಸುವುದು ಬೇಡ. ಓಟಿ ಪ್ರೋಗ್ರಾಂಗಳಿಗೆ ಯಾವ ಬ್ಯಾಚುಲರ್ಸ್ ಆದರೂ ನಡೆಯುತ್ತದೆ. ನನ್ನ ಬ್ಯಾಚಿನಲ್ಲಿ ಸೈಕಾಲಜಿ, ಕಿನೀಸಿಯಾಲಜಿ ಓದಿದವರು ಜಾಸ್ತಿ ಇದ್ದರು ನಿಜ, ಆದರೆ ಸಂಗೀತ ಓದಿ ಬಂದವಳೂ ಇದ್ದಳು. ನೋಡುವುದು ಪ್ರೀರೆಕ್ವಿಸಿಟ್‌ಗಳನ್ನು, ಅಂದರೆ ಸೇರುವ ಮೊದಲೇ ಮುಗಿಸಿರಬೇಕಾದ ಕೋರ್ಸುಗಳನ್ನು. ಲ್ಯಾಬ್ ಸಮೇತ ಅನಾಟಮಿ ಫಿಸಿಯಾಲಜಿ ಎರಡೂ ಭಾಗ, ಸ್ಟ್ಯಾಟಿಸ್ಟಿಕ್ಸ್, ಅಬ್ನಾರ್ಮಲ್ ಸೈಕಾಲಜಿ, ಹುಟ್ಟಿನಿಂದ ಮುಪ್ಪಿನವರೆಗಿನ ಡೆವಲಪ್‌ಮೆಂಟಲ್ ಸೈಕಾಲಜಿ, ಸೋಷಿಯಾಲಜಿ ಅಥವಾ ಆಂಥ್ರೊಪಾಲಜಿ. ಕೆಲವು ಕಡೆ ಮೆಡಿಕಲ್ ಟರ್ಮಿನಾಲಜಿ, ಕೆಲವು ಕಡೆ ಫಿಸಿಕ್ಸ್. ಬಯಾಲಜಿ ಹುಡುಗರು ಎಡವುವುದು ಇಲ್ಲೇ. ಆರ್ಗ್ಯಾನಿಕ್ ಕೆಮಿಸ್ಟ್ರಿ ಎಲ್ಲ ಮುಗಿಸಿರುತ್ತಾರೆ, ಅದನ್ನು ಯಾರೂ ಕೇಳುವುದಿಲ್ಲ. ಕೇಳುವ ಸೈಕಾಲಜಿ ಒಂದೂ ಇರುವುದಿಲ್ಲ.

ಇನ್ನೊಂದು, ಅನಾಟಮಿ ಐದು ವರ್ಷದೊಳಗಿನದಾಗಿರಬೇಕು ಅಂತ ಕೆಲವರು, ಏಳು ಅಂತ ಕೆಲವರು, ಹತ್ತು ಅಂತ ಕೆಲವರು. ಹೈಸ್ಕೂಲಿನಲ್ಲೇ ಓದಿದ ಎಪಿ ಸ್ಟ್ಯಾಟಿಸ್ಟಿಕ್ಸ್ ಕ್ರೆಡಿಟ್ ಒಬ್ಬರು ಒಪ್ಪುತ್ತಾರೆ, ಇನ್ನೊಬ್ಬರು ಒಪ್ಪುವುದಿಲ್ಲ. ಅದಕ್ಕೇ ಈಗಲೇ ಎಂಟು ಹತ್ತು ಪ್ರೋಗ್ರಾಂ ಆರಿಸಿಕೊಂಡು ಒಂದು ಎಕ್ಸೆಲ್ ಮಾಡಲಿ. ಓಟಿ ಪ್ರೋಗ್ರಾಂಗಳನ್ನು ಪರಿಶೀಲಿಸುವ ಸಂಸ್ಥೆ ಎಕೋಟ್, ಅದರ ಮಾನ್ಯತೆ ಇದೆಯಾ ಅಂತ ಮೊದಲು ನೋಡಲಿ. ಅದಿಲ್ಲದಿದ್ದರೆ ಇಲ್ಲಿ ಓದಿದವರು ಲೈಸೆನ್ಸ್‌ಗೆ ಬೇಕಾದ ಎನ್‌ಬಿಸಿಓಟಿ ಪರೀಕ್ಷೆಗೇ ಕೂರುವಂತಿಲ್ಲ.

ಜಿಆರ್‌ಇ ತುಂಬಾ ಕಡೆ ತೆಗೆದಿದ್ದಾರೆ. ಅವನ ಪಟ್ಟಿಯಲ್ಲಿ ಒಬ್ಬರೇ ಕೇಳುತ್ತಿದ್ದರೆ, ಆ ಒಬ್ಬರನ್ನು ಪಟ್ಟಿಯಿಂದ ತೆಗೆಯುವುದೇ ಸುಲಭ.

ಲೆಕ್ಕದ ಮೇಷ್ಟ್ರು:
ಸಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮತ್ತೆ ತೆಗೆದುಕೊಂಡು ಎ ಬಂದರೆ ಹಳೆಯ ಸಿ ಹೋಗಿಬಿಡುತ್ತದೆ. ನನ್ನ ಮಗಳ ಕಾಲೇಜಿನಲ್ಲಿ ಹಾಗೇ ಆಯಿತು.

ಎರಡನೇ ಸಲ:
ಸರ್, ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಹೋಗಬಹುದು. ಓಟಿಕ್ಯಾಸ್‌ನಲ್ಲಿ ಹೋಗುವುದಿಲ್ಲ. ನಾನು ಮೊದಲ ಸಲ ಅರ್ಜಿ ಹಾಕಿದಾಗ ಇದೇ ತಪ್ಪು ಲೆಕ್ಕದಲ್ಲಿದ್ದೆ. ಓಟಿಕ್ಯಾಸ್ ಅಂದರೆ ಹೆಚ್ಚಿನ ಓಟಿ ಪ್ರೋಗ್ರಾಂಗಳಿಗೆ ಒಂದೇ ಕಡೆಯಿಂದ ಅರ್ಜಿ ಹೋಗುವ ವ್ಯವಸ್ಥೆ. ಅಲ್ಲಿ ತೆಗೆದುಕೊಂಡ ಎಲ್ಲ ಕೋರ್ಸೂ, ಎಲ್ಲ ಪ್ರಯತ್ನವೂ ಜಿಪಿಎಗೆ ಸೇರುತ್ತದೆ. ಸಿಗೆ 2, ಎಗೆ 4 ಅಂಕ. ನಾಲ್ಕು ಕ್ರೆಡಿಟ್ ಸಿ, ಆಮೇಲೆ ನಾಲ್ಕು ಕ್ರೆಡಿಟ್ ಎ ಬಂದರೆ, ಎಂಟು ಕ್ರೆಡಿಟ್‌ಗೆ ಸರಾಸರಿ 3.0. ಕಾಲೇಜಿನ ಕಾಗದದಲ್ಲಿ ನನ್ನ ಜಿಪಿಎ 3.4 ಇತ್ತು, ಅಲ್ಲಿ 3.2 ಆಗಿ ಕೂತಿತು.

ಆದರೆ ಆಂಟಿ, ಭಯ ಬೇಡ. ಒಳಗೆ ಹೋದ ಮೇಲೆ ಪ್ರೋಗ್ರಾಂಗಳು ತಮ್ಮದೇ ಲೆಕ್ಕ ಹಾಕುತ್ತವೆ. ಕೆಲವರು ಪ್ರೀರೆಕ್ವಿಸಿಟ್ ಜಿಪಿಎ ಮಾತ್ರ ನೋಡುತ್ತಾರೆ, ಅದರಲ್ಲೂ ಜಾಸ್ತಿ ಬಂದ ಗ್ರೇಡನ್ನೇ ಹಿಡಿಯುತ್ತಾರೆ. ಕೆಲವರು ಕೊನೆಯ 60 ಕ್ರೆಡಿಟ್ ನೋಡುತ್ತಾರೆ. ಎರಡನೇ ವರ್ಷದಲ್ಲಿರುವ ಹುಡುಗನಿಗೆ ಆ 60 ಇನ್ನೂ ಮುಂದೇ ಇದೆ! ಅನಾಟಮಿ ಎರಡನೇ ಭಾಗದಲ್ಲಿ ಎ ತಂದು, ಮೊದಲನೆಯದನ್ನು ಒಂದು ಸಲ ಮತ್ತೆ ತೆಗೆದುಕೊಳ್ಳಲಿ. ಬೇಸಿಗೆಯ ಆರು ವಾರದ ಕ್ಲಾಸಿನಲ್ಲಿ ಮಾತ್ರ ಬೇಡ. 206 ಮೂಳೆ ಆರು ವಾರದಲ್ಲಿ ಬಾಯಿಪಾಠ ಮಾಡಬಹುದು, ಸ್ನಾಯು ಎಲ್ಲಿ ಶುರು ಎಲ್ಲಿ ಮುಗಿಯುತ್ತದೆ ಅಂತ ತಲೆಗೆ ಇಳಿಯುವುದಿಲ್ಲ.

ಲೆಕ್ಕದ ಮೇಷ್ಟ್ರು:
ಸರಿ, ನನ್ನ ಮಾತು ವಾಪಸ್. ಹೆಸರಿಗೆ ಕಳಂಕ ತಂದುಕೊಂಡೆ.

ಎಡಿಸನ್ ಅಂಕಲ್:
ನಾನು ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಹುಡುಗ ಬುದ್ಧಿವಂತ ಅಂತ ಕಾಣುತ್ತದೆ. ಮೆಡಿಸಿನ್ ಆಗದಿದ್ದರೆ ಪಿಎ (ಫಿಸಿಷಿಯನ್ ಅಸಿಸ್ಟೆಂಟ್) ಮಾಡಲಿ, ಪಿಟಿ (ಫಿಸಿಯೋಥೆರಪಿ) ಮಾಡಲಿ. ಈ ಓಟಿ ಅಂದರೆ ಮಕ್ಕಳನ್ನು ಉಯ್ಯಾಲೆ ಮೇಲೆ ಕೂರಿಸುವುದು, ಮುದುಕರ ಹತ್ತಿರ ಬುಟ್ಟಿ ಹೆಣೆಸುವುದು. ಪಿಟಿಯವರು ಸೊಂಟದ ಕೆಳಗೆ, ಇವರು ಸೊಂಟದ ಮೇಲೆ, ಅಷ್ಟೇ ವ್ಯತ್ಯಾಸ. ಸಂಬಳವೂ ಅವರದ್ದೇ ಜಾಸ್ತಿ.

ಶಾಲೆ ಓಟಿ, ಟೆಕ್ಸಸ್:
ಅಂಕಲ್, ಉಯ್ಯಾಲೆ ಮೇಲೆ ಕೂರಿಸುವುದು ನಿಜ, ನಾನೇ ದಿನಾ ಕೂರಿಸುತ್ತೇನೆ. ಯಾವ ಮಗುವನ್ನು, ಎಷ್ಟು ಹೊತ್ತು, ಆಮೇಲೆ ಅದು ಕ್ಲಾಸಿನಲ್ಲಿ ಹತ್ತು ನಿಮಿಷ ಕೂತು ತನ್ನ ಹೆಸರು ಬರೆಯುತ್ತದಾ ಅಂತ ನೋಡುವುದಕ್ಕೆ ನನಗೆ ಸಂಬಳ. 1975ರಲ್ಲಿ ಅಂಗವಿಕಲ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಓದುವ ಹಕ್ಕು ಕೊಟ್ಟ ಕಾನೂನು ಬಂತು. ಇವತ್ತು ಶಾಲೆಗಳಲ್ಲಿ ನಮ್ಮಂಥವರು ಇರುವುದು ಅದರಿಂದ. ಬುಟ್ಟಿ ಹೆಣೆಸಿದ್ದೂ ನಿಜ, ಮೊದಲನೇ ಮಹಾಯುದ್ಧದ ಕಾಲದಲ್ಲಿ. ಸೊಂಟದ ಮೇಲೆ ಕೆಳಗೆ ಅನ್ನುವುದು ಸುಳ್ಳು. ಪ್ಯಾಂಟು ಹಾಕಿಕೊಳ್ಳುವುದನ್ನು ಹೇಳಿಕೊಡುವುದು ಯಾರು ಅಂದುಕೊಂಡಿರಿ?

ಸಂಬಳ: ಸರ್ಕಾರದ ಕಾರ್ಮಿಕ ಅಂಕಿ ಅಂಶದ ಪ್ರಕಾರ 2023ರಲ್ಲಿ ಓಟಿಗಳ ಮಧ್ಯದ ಸಂಬಳ ವರ್ಷಕ್ಕೆ 96,370 ಡಾಲರ್, ಪಿಟಿಗಳದ್ದು 99,710. ಮೂರು ಸಾವಿರ ಚಿಲ್ಲರೆ ವ್ಯತ್ಯಾಸ. ಅವರು ಮೂರು ವರ್ಷದ ಡಾಕ್ಟರೇಟ್ ಮಾಡಲೇಬೇಕು. ನಮಗೆ ಎರಡು, ಎರಡೂವರೆ ವರ್ಷದ ಮಾಸ್ಟರ್ಸ್ ಸಾಕು.

ಎಡಿಸನ್ ಅಂಕಲ್:
ಮೂರು ಸಾವಿರವೂ ದುಡ್ಡೇ ಅಲ್ವಾ? ಅಂಕಿ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಬುಟ್ಟಿ ಮಾತು ಬಿಟ್ಟೆ.

ರಾಗಿಮುದ್ದೆ:
ಕನ್ನಡದಲ್ಲಿ ಇದಕ್ಕೆ "ಔದ್ಯೋಗಿಕ ಚಿಕಿತ್ಸೆ" ಅಂತ ಬರೆಯುತ್ತಾರೆ. ನಮ್ಮ ಮಾವ ಬೋರ್ಡು ನೋಡಿ ನಿರುದ್ಯೋಗಿಗಳಿಗೆ ಕೊಡುವ ಚಿಕಿತ್ಸೆ ಅಂದುಕೊಂಡಿದ್ದರು.

ಮಣಿಪಾಲದವಳು:
ಹ್ಹಹ್ಹ, ಇದು ನಮಗೆ ದಿನಾ ಇದ್ದದ್ದೇ ಮಾರಾಯ್ರೇ. ನಾನು ಮಣಿಪಾಲದಲ್ಲಿ ಬಿಓಟಿ, ಅಂದರೆ ಓಟಿಯಲ್ಲೇ ಬ್ಯಾಚುಲರ್ಸ್, ಮಾಡಿದವಳು. ನಾನು ಓದುವಾಗ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ. ಅಲ್ಲಿ ಪಿಯುಸಿ ಆದ ಕೂಡಲೇ ಸೇರುವುದು, ಇಲ್ಲಿನ ಹಾಗೆ ಡಿಗ್ರಿ ಮೇಲೆ ಡಿಗ್ರಿ ಅಲ್ಲ.

ಒಗ್ಗರಣೆ ಅಮ್ಮ, ನಿಮ್ಮ ಅತ್ತೆಯವರ ವಿಷಯ ಓದಿ ಒಬ್ಬರು ಅಜ್ಜಿ ನೆನಪಾದರು. ಎಪ್ಪತ್ತು ದಾಟಿದವರು, ಪಾರ್ಶ್ವವಾಯು ಆಗಿ ಬಲಗೈ ಬಲ ಕಡಿಮೆ. ಪುಸ್ತಕದಲ್ಲಿ ಏನು ಬರೆದಿದೆ? ದಪ್ಪ ಹಿಡಿಯ ಚಮಚ ಕೊಡಿ, ಇಲ್ಲವೇ ಎಡಗೈಯಲ್ಲಿ ಉಣ್ಣುವುದನ್ನು ಅಭ್ಯಾಸ ಮಾಡಿಸಿ. ನಾನು ಹೊಸಬಳು, ಹಾಗೇ ಮಾಡಿದೆ. ಅಜ್ಜಿ ಚಮಚ ಮುಟ್ಟಲಿಲ್ಲ. ಎಡಗೈ ಅಂದದ್ದಕ್ಕೆ ಮುಖ ತಿರುಗಿಸಿ ಎರಡು ದಿನ ಮಾತೇ ಆಡಲಿಲ್ಲ. ಸೊಸೆ ತುತ್ತು ಇಟ್ಟರೆ ತಿನ್ನುತ್ತಿದ್ದರು, ಕಣ್ಣು ಮುಚ್ಚಿಕೊಂಡು.

ಆಮೇಲೆ ನಮ್ಮ ಸೀನಿಯರ್ ಬಂದು ನೋಡಿದರು. ಅಂಚು ಎತ್ತರ ಇರುವ ಸ್ಟೀಲ್ ತಟ್ಟೆ ತರಿಸಿದರು. ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ. ಮೊದಲು ಊಟವೇ ಅಲ್ಲ, ಬೆಚ್ಚಗಿನ ಅಕ್ಕಿ ಹಿಟ್ಟು ನಾದಿಸಿದರು. ಅದು ರೊಟ್ಟಿ ತಟ್ಟಿದ ಕೈ, ಅದಕ್ಕೆ ನೆನಪಿತ್ತು. ಹತ್ತನೇ ದಿನವೋ ಏನೋ, ಅನ್ನಕ್ಕೆ ಸಾರು ಹಾಕಿ ತಟ್ಟೆ ಮುಂದಿಟ್ಟೆವು. ಅರ್ಧ ಅನ್ನ ಮಡಿಲಿಗೆ ಬಿತ್ತು. ಉಳಿದದ್ದು ಬಾಯಿಗೆ ಹೋಯಿತು, ಬಲಗೈಯಿಂದಲೇ.

ನಿಮ್ಮ ಮಗ ತಿಪಟೂರಿನಲ್ಲಿ ಏನು ನೋಡಿದ ಅಂತ ಒಮ್ಮೆ ಕೇಳಿ.

ಚಿಕ್ಕಮಗಳೂರ್ ಕಾಫಿ:
ಅರ್ಜಿ ಜೊತೆ ಕೊಡುವ ಪ್ರಬಂಧ, ಪರ್ಸನಲ್ ಸ್ಟೇಟ್‌ಮೆಂಟ್, ಅದರಲ್ಲಿ ಇದನ್ನೇ ಬರೆಯಲಿ! ಅಜ್ಜಿ, ಪಾರ್ಶ್ವವಾಯು, ಊರು... ಸೀಟು ಗ್ಯಾರಂಟಿ.

ಎರಡನೇ ಸಲ:
ದಯವಿಟ್ಟು ಬೇಡ. ನಾನು ಮೊದಲ ವರ್ಷ ಬರೆದದ್ದೂ ಅಜ್ಜನ ಕಥೆಯೇ. ಅಜ್ಜ ಬಿದ್ದರು, ಥೆರಪಿಸ್ಟ್ ಬಂದರು, ಅಜ್ಜ ನಕ್ಕರು, ನನ್ನ ಜೀವನ ಬದಲಾಯಿತು. ಆರು ಕಡೆ ಹಾಕಿದೆ, ಆರೂ ಕಡೆ ಇಲ್ಲ. ಆಮೇಲೆ ಒಬ್ಬರು ಪ್ರೊಫೆಸರ್ ಅದನ್ನು ಓದಿ "ಇದರಲ್ಲಿ ನಿಮ್ಮ ಅಜ್ಜ ಇದ್ದಾರೆ, ನೀವೆಲ್ಲಿದ್ದೀರಿ?" ಅಂದರು.

ಮಣಿಪಾಲದವಳು:
ಅಜ್ಜಿ ಕಥೆ ಬರೆಯಬಾರದು ಅಂತಲ್ಲ. ಅತ್ತದ್ದು ಬರೆಯಬೇಡ, ನೋಡಿದ್ದು ಬರೆ ಅಷ್ಟೇ. ಅಜ್ಜಿಗೆ ಯಾವ ಕೆಲಸ ಆಗುತ್ತಿರಲಿಲ್ಲ? ಸೀರೆ ನೆರಿಗೆ ಹಿಡಿಯುವುದಾ, ಬಚ್ಚಲು ಮನೆಯ ಹೊಸ್ತಿಲು ದಾಟುವುದಾ? ಯಾಕೆ ಆಗುತ್ತಿರಲಿಲ್ಲ? ಮನೆಯವರು ಏನು ಉಪಾಯ ಮಾಡಿದರು? ಅದರಲ್ಲಿ ಏನು ಕೆಲಸ ಮಾಡಿತು, ಏನು ಮಾಡಲಿಲ್ಲ? ಹೀಗೆ ಬರೆದರೆ ಅದೇ ಓಟಿ.

ಎರಡನೇ ಸಲ:
ಒಪ್ಪಿದೆ. ಎರಡನೇ ವರ್ಷ ನಾನು ಅಜ್ಜನನ್ನು ಎರಡು ಸಾಲಿಗೆ ಇಳಿಸಿದೆ. ಉಳಿದದ್ದೆಲ್ಲ ಕೈಯ ಕ್ಲಿನಿಕ್ಕಿನಲ್ಲಿ ನೋಡಿದ ಒಬ್ಬ ಬಡಗಿಯ ಬಗ್ಗೆ. ಆತನಿಗೆ ಹಿಡಿತದ ಬಲ ವಾಪಸ್ ಬಂದಿತ್ತು, ಆದರೂ ಗರಗಸ ಮುಟ್ಟಲು ಹೆದರುತ್ತಿದ್ದ. ಯಂತ್ರದಲ್ಲಿ ಅಳೆದ ಬಲಕ್ಕೂ ಆತ ಕೆಲಸಕ್ಕೆ ಹೋಗುವುದಕ್ಕೂ ನಡುವೆ ಏನಿದೆ ಅನ್ನುವುದೇ ನನ್ನ ಪ್ರಬಂಧ. ಎರಡು ಕಡೆಯಿಂದ ಇಂಟರ್‌ವ್ಯೂ ಬಂತು, ಎರಡರಲ್ಲೂ ಆ ಬಡಗಿಯ ಬಗ್ಗೆಯೇ ಕೇಳಿದರು. ಹೆಸರು, ಊರು ಏನೂ ಬರೆದಿರಲಿಲ್ಲ. ರೋಗಿಯ ಗುರುತು ಸಿಗುವ ಹಾಗೆ ಬರೆದರೆ ಅರ್ಜಿ ಅಲ್ಲೇ ಕಸದ ಬುಟ್ಟಿಗೆ.

ಒಗ್ಗರಣೆ ಅಮ್ಮ:
ಅಬ್ಬಾ, ಎಷ್ಟೊಂದು ಬರೆದಿದ್ದೀರಿ. ಮಣಿಪಾಲದವರೇ, ನಿಮ್ಮ ಅಜ್ಜಿ ಕಥೆಯನ್ನು ಯಜಮಾನರಿಗೆ ಓದಿ ಹೇಳಿದೆ. ಏನೂ ಹೇಳದೆ ಎದ್ದು ಹೋದರು, ಊರಿಗೆ ಫೋನ್ ಮಾಡಿದರು ಅಂತ ಕಾಣುತ್ತದೆ.

ಆ ವೀಲ್‌ಚೇರ್ ತಳ್ಳಿದ ಗಂಟೆಗಳ ಬಗ್ಗೆ ಯಾರೂ ಹೇಳಲಿಲ್ಲ.

ಶಾಲೆ ಓಟಿ, ಟೆಕ್ಸಸ್:
ಮರೆತೆ ಅಕ್ಕ. ಅದು ವಾಲಂಟಿಯರ್ ಅನುಭವ ಅಂತ ಹಾಕಿಕೊಳ್ಳಬಹುದು, ಅಬ್ಸರ್ವೇಷನ್ ಅಂತ ಅಲ್ಲ. ಅಬ್ಸರ್ವೇಷನ್ ಅಂದರೆ ಓಟಿಯೋ ಓಟಿ ಅಸಿಸ್ಟೆಂಟೋ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿದ ಗಂಟೆ. ಕೋವಿಡ್ ಆದ ಮೇಲೆ ಕೆಲವು ಪ್ರೋಗ್ರಾಂಗಳು ಇದನ್ನು ಕಡ್ಡಾಯದಿಂದ ತೆಗೆದವು. ಕೆಲವು 20 ಕೇಳುತ್ತವೆ, ಕೆಲವು 40, ಅದಕ್ಕೂ ಜಾಸ್ತಿ ಕೇಳುವವರೂ ಇದ್ದಾರೆ. ಕೇಳದಿದ್ದರೂ ಮಾಡಲಿ. ಇಂಟರ್‌ವ್ಯೂನಲ್ಲಿ "ಪಿಟಿ ಯಾಕಲ್ಲ?" ಅಂತ ಕೇಳಿಯೇ ಕೇಳುತ್ತಾರೆ. ನೋಡಿದವನು ಮಾತ್ರ ತಡವರಿಸದೆ ಉತ್ತರ ಕೊಡುತ್ತಾನೆ.

ಒಂದೇ ಜಾಗದಲ್ಲಿ ನೂರು ಗಂಟೆ ಕೂರುವುದಕ್ಕಿಂತ ಮೂರು ಕಡೆ ಹದಿನೈದು ಇಪ್ಪತ್ತು ಗಂಟೆ ಒಳ್ಳೆಯದು. ದೊಡ್ಡ ಆಸ್ಪತ್ರೆಗಳಿಗೆ ಬರೆದರೆ ಉತ್ತರ ಬರುವುದು ತಡ. ಲಸಿಕೆ ಕಾಗದ, ಟಿಬಿ ಟೆಸ್ಟು, ಟ್ರೇನಿಂಗು ಅಂತ ತಿಂಗಳು ಹೋಗುತ್ತದೆ. ವೃದ್ಧರ ನರ್ಸಿಂಗ್ ಕೇಂದ್ರಗಳಲ್ಲಿ ಬೇಗ ಒಪ್ಪುತ್ತಾರೆ. ಇಮೇಲ್ ಬೇಡ, ಫೋನ್ ಮಾಡಿ "ರೀಹ್ಯಾಬ್ ಡೈರೆಕ್ಟರ್ ಹತ್ತಿರ ಮಾತಾಡಬಹುದಾ" ಅಂತ ಕೇಳಲಿ. ಮಧ್ಯಾಹ್ನ ಊಟದ ಹೊತ್ತಿಗೆ ಬೇಡ. ಓಟಿಗಳು ಆಗ ರೋಗಿಗಳ ಊಟ ನೋಡುತ್ತಾ ಇರುತ್ತಾರೆ, ಅದೂ ಕೆಲಸವೇ.

ರಾಗಿಮುದ್ದೆ:
ನನ್ನ ಅಕ್ಕನ ಮಗಳು ಹುಬ್ಬಳ್ಳಿಯಲ್ಲಿ ಪಿಯುಸಿ ಎರಡನೇ ವರ್ಷ. ಅವಳಿಗೂ ಇದು ಹೇಳಬಹುದಾ? ಅಲ್ಲಿ ಓದಿ ಇಲ್ಲಿಗೆ ಬರಬಹುದಾ?

ಮಣಿಪಾಲದವಳು:
ಬರಬಹುದು, ನಾನೇ ಬಂದಿದ್ದೇನೆ. ಆದರೆ ಹಾದಿ ಉದ್ದ. ಸೇರುವ ಕಾಲೇಜಿಗೆ ಓಟಿಗಳ ವಿಶ್ವ ಒಕ್ಕೂಟ ಡಬ್ಲ್ಯುಎಫ್‌ಓಟಿಯ ಮಾನ್ಯತೆ ಇದೆಯಾ ಅಂತ ಮೊದಲೇ ನೋಡಬೇಕು. ಮುಗಿಸಿದ ಮೇಲೆ ಎನ್‌ಬಿಸಿಓಟಿಯವರು ಸಿಲಬಸ್, ಪ್ರಾಯೋಗಿಕ ಗಂಟೆ ಎಲ್ಲ ಪರಿಶೀಲಿಸಿ ಪರೀಕ್ಷೆಗೆ ಅರ್ಹರೋ ಅಲ್ಲವೋ ಹೇಳುತ್ತಾರೆ. ಪ್ರತಿ ಸೆಮಿಸ್ಟರಿನ ಸಿಲಬಸ್ ಪುಸ್ತಕ ಜೋಪಾನವಾಗಿ ಇಟ್ಟುಕೊಳ್ಳಲಿಕ್ಕೆ ಹೇಳಿ. ನಾನು ಇಟ್ಟುಕೊಳ್ಳಲಿಲ್ಲ, ಆಮೇಲೆ ಪಟ್ಟ ಪಾಡು ಹೇಳಿದರೆ ಇನ್ನೊಂದು ಚರ್ಚೆ ಶುರುವಾಗುತ್ತದೆ.

ಭಾರತದಲ್ಲಿ ಇದು ಹೊಸ ವಿದ್ಯೆ ಅಂದುಕೊಳ್ಳಬೇಡಿ. 1950ರಲ್ಲೇ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಓಟಿ ಶಾಲೆ ಶುರು ಮಾಡಿದರು. ಹುಟ್ಟಿನಿಂದ ಅಮೆರಿಕದವರು, ಮದುವೆಯಾಗಿ ಭಾರತಕ್ಕೆ ಬಂದವರು. 1952ರಲ್ಲಿ ವಿಶ್ವ ಒಕ್ಕೂಟ ಕಟ್ಟಿದ ಹತ್ತು ದೇಶಗಳಲ್ಲಿ ನಮ್ಮದೂ ಒಂದು.

ಲೆಕ್ಕದ ಮೇಷ್ಟ್ರು:
ಈ ಸಲ ಲೆಕ್ಕ ಸರಿ ನೋಡಿಕೊಂಡು ಬಂದಿದ್ದೇನೆ. ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವ ಗ್ರ್ಯಾಡ್ ವಿದ್ಯಾರ್ಥಿಗಳಿಗೆ, ಓದಿನ ಪೂರ್ತಿ ಖರ್ಚಿನವರೆಗೂ ಸರ್ಕಾರ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲ ಇಲ್ಲ. ಸರ್ಕಾರದ ಸಾಲ ವರ್ಷಕ್ಕೆ 20,500 ಡಾಲರ್, ಒಟ್ಟು ಒಂದು ಲಕ್ಷ. "ವೃತ್ತಿಪರ" ಅಂತ ಎಣಿಸಿದ ಪದವಿಗಳಿಗೆ ಮಾತ್ರ ವರ್ಷಕ್ಕೆ 50,000, ಒಟ್ಟು ಎರಡು ಲಕ್ಷ. ನಿಮ್ಮ ಮಗ ಪದವಿ ಮುಗಿಸುವುದೇ 2026 ಆದ ಮೇಲೆ ಅಲ್ವಾ? ಹಾಗಾದರೆ ಅವನಿಗೆ ಇದೇ ನಿಯಮ. ಪ್ರತಿ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿಗೆ "ನಿಮ್ಮ ಪದವಿ ಯಾವ ಮಿತಿಯಲ್ಲಿ ಬರುತ್ತದೆ" ಅಂತ ಬರಹದಲ್ಲಿ ಕೇಳಿ.

ಎಡಿಸನ್ ಅಂಕಲ್:
ಇದಕ್ಕೆ ನಾನೂ ಸೈ. ಓಟಿಯಲ್ಲೂ ಡಾಕ್ಟರೇಟ್ ಇದೆಯಂತಲ್ಲ, ಅದನ್ನು ಮಾಡಿದರೆ ಹೆಸರಿನ ಮುಂದೆ ಡಾಕ್ಟರ್ ಅಂತ ಬರುತ್ತದೆ, ಅಪ್ಪನಿಗೂ ಸಮಾಧಾನ. ಆದರೆ ಸಂಬಳ?

ಶಾಲೆ ಓಟಿ, ಟೆಕ್ಸಸ್:
ಅದೇ ಪರೀಕ್ಷೆ, ಅದೇ ಲೈಸೆನ್ಸ್. ನಾನು ಕೆಲಸ ಮಾಡಿದ ಮೂರು ಕಡೆಯೂ ಡಾಕ್ಟರೇಟ್ ಆದವರಿಗೂ ನನಗೂ ಹೆಚ್ಚು ಕಡಿಮೆ ಒಂದೇ ಸಂಬಳ. ಪಾಠ ಮಾಡುವ ಆಸೆ ಇದ್ದರೆ ಡಾಕ್ಟರೇಟ್ ಸರಿ. ಇಲ್ಲದಿದ್ದರೆ ನಿಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್ ಸಿಗುತ್ತಾ ನೋಡಿ. ಮುಂದೆ ಎಂದಾದರೂ 2027ರಿಂದ ಡಾಕ್ಟರೇಟ್ ಕಡ್ಡಾಯ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. 2017ರಲ್ಲಿ ಎಕೋಟ್‌ನವರು ಹಾಗಂತ ಹೇಳಿದ್ದರು, ಆಮೇಲೆ ಕೈಬಿಟ್ಟರು.

ಖರ್ಚಿನಲ್ಲಿ ಇನ್ನೊಂದು ಸೇರಿಸಿಕೊಳ್ಳಿ. ಕೊನೆಯಲ್ಲಿ 24 ವಾರ ಫೀಲ್ಡ್‌ವರ್ಕ್ ಇರುತ್ತದೆ. ಪೂರ್ತಿ ದಿನದ ಕೆಲಸ, ಸಂಬಳ ಸಾಮಾನ್ಯವಾಗಿ ಇರುವುದಿಲ್ಲ, ಫೀಸ್ ಮಾತ್ರ ಕಟ್ಟುತ್ತಿರಬೇಕು. ಬೇರೆ ಊರಿನಲ್ಲಿ ಹಾಕಿದರೆ ಬಾಡಿಗೆ ಬೇರೆ.

ಗುಂಡಣ್ಣ:
ಹೋಳಿಗೆ ಯಾವುದು ಅಂತ ಇನ್ನೂ ಉತ್ತರ ಬಂದಿಲ್ಲ.

ಒಗ್ಗರಣೆ ಅಮ್ಮ:
ಕಾಯಿದು ಗುಂಡಣ್ಣ, ತಿಪಟೂರು ಅಂದ ಮೇಲೆ ಕೇಳಬೇಕಾ?

ಮೂರು ವಾರ ಆಯಿತು, ಸುದ್ದಿ ಹೇಳೋಣ ಅಂತ ಬಂದೆ. ವಸಂತದ ಸೆಮಿಸ್ಟರಿಗೆ ಅನಾಟಮಿ ಎರಡನೇ ಭಾಗ, ಅಬ್ನಾರ್ಮಲ್ ಸೈಕಾಲಜಿ ಹಾಕಿಕೊಂಡಿದ್ದಾನೆ. ಎಕ್ಸೆಲ್ ಮಾಡಿದ್ದು ಅವನಲ್ಲ, ಅವರಪ್ಪ. ಒಂಬತ್ತು ಕಾಲೇಜು, ಹದಿನಾಲ್ಕು ಕಾಲಮ್ಮು, ಬಣ್ಣ ಬೇರೆ. ಹದಿನೈದು ಕಡೆ ಫೋನ್ ಮಾಡಿದ, ಎರಡು ಕಡೆ ಬಾ ಅಂದರು. ನಿನ್ನೆ ಒಂದು ನರ್ಸಿಂಗ್ ಕೇಂದ್ರಕ್ಕೆ ಹೋಗಿ ಆರು ಗಂಟೆ ಇದ್ದು ಬಂದ. ಒಬ್ಬ ತಾತ ಒಂದೇ ಕೈಯಲ್ಲಿ ಅಂಗಿ ಗುಂಡಿ ಹಾಕಿಕೊಳ್ಳಲು ಇಪ್ಪತ್ತು ನಿಮಿಷ ತೆಗೆದುಕೊಂಡರಂತೆ. ಓಟಿ ಮೇಡಂ ಸುಮ್ಮನೆ ಕೂತಿದ್ದರಂತೆ, ಇವನಿಗೇ ಕೈ ತುರಿಸುತ್ತಿತ್ತಂತೆ ಸಹಾಯ ಮಾಡೋಣ ಅಂತ. ಮನೆಗೆ ಬಂದು ಅದನ್ನೇ ಎರಡು ಪುಟ ಬರೆದಿದ್ದಾನೆ. ಗಂಟೆ ಬರೆದುಕೊಂಡಿದ್ದಾನೆ, ಸಹಿ ಎಲ್ಲ ಮುಗಿದ ಮೇಲೆ ಒಟ್ಟಿಗೆ ಹಾಕಿಸಿಕೊಳ್ಳುತ್ತಾನಂತೆ.

ಎರಡನೇ ಸಲ:
ಆಂಟಿ, ಸಹಿ ಆಯಾ ದಿನವೇ ಹಾಕಿಸಿಕೊಳ್ಳಲು ಹೇಳಿ. ನನಗೆ ತೋರಿಸುತ್ತಿದ್ದ ಓಟಿ ಕೆಲಸ ಬಿಟ್ಟು ಬೇರೆ ರಾಜ್ಯಕ್ಕೆ ಹೋದರು. ನನ್ನ ಹನ್ನೆರಡು ಗಂಟೆ ಅವರ ಜೊತೆಗೇ ಹೋಯಿತು.